ಹತ್ತು ನಿಮಿಷದ ವಾಯಿದೆ

ಅಕ್ಕಿ ಗಿರಣಿಯ ಮಾಳಿಗೆಯ ಮೇಲೆ ಬಹಳ ದಿನ ಮುಚ್ಚಿದ್ದ ತಗಡಿನ ಪೆಟ್ಟಿಗೆಯನ್ನು ತೆರೆದರೆ ಮೊದಲು ಮೂಗಿಗೆ ಬಡಿಯುವುದು ತೌಡಿನ ವಾಸನೆ. ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಆಮೇಲೆ. ಹೋದ ತಿಂಗಳು ಎಮ್ಮಿಗನೂರಿನ ಗಿರಣಿಯ ಮೇಲಿದ್ದ ನಮ್ಮ ಹಳೆಯ ರೂಟರ್ ತೆಗೆದು ಹೊಸದನ್ನು ಕೂಡಿಸಲು ಹತ್ತಿದ್ದೆ. ಪೆಟ್ಟಿಗೆಯ ಕೀಲಿಗೆ ತುಕ್ಕು ಹಿಡಿದಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಒಳಗೆ ಒಂದು ಕೇಬಲ್ಲಿಗೆ ಬಿಳಿ ನೂಲಿನಿಂದ ಕಟ್ಟಿದ ಚೀಟಿ ತೂಗುತ್ತಿತ್ತು. ಟೈಪ್‌ರೈಟರಿನಲ್ಲಿ ಹೊಡೆದ ಕನ್ನಡ ಅಕ್ಷರ, ಅದರ ಮೇಲೆ ಅಂಟುಪಟ್ಟಿ. "ಇದನ್ನು ಮುಟ್ಟುವ ಮೊದಲು ಕುಳಿತುಕೊಳ್ಳಿ. ಆಮೇಲೆ ಈ ಕೆಳಗಿನ ನಂಬರಿಗೆ ಫೋನ್ ಮಾಡಿ." ನಂಬರು ಮಾಸಿಹೋಗಿತ್ತು. ಉಳಿದದ್ದೆಲ್ಲ ಓದುವ ಹಾಗೇ ಇತ್ತು. ನಾನು ಮಾಳಿಗೆಯ ಕಟ್ಟೆಯ ಮೇಲೆ ಕುಳಿತೆ.

ಈಗ ಈ ನೆಟ್‌ವರ್ಕಿನ ಉಸ್ತುವಾರಿ ನನ್ನದು. ಹೊಸಪೇಟೆಯಿಂದ ಕಂಪ್ಲಿಯ ತನಕ, ಆ ಕಡೆ ಸಂಡೂರಿನ ತನಕ ಯಾವ ಕಂಬದ ಮೇಲೆ ಯಾವ ಕೇಬಲ್ ಹೋಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಎಲ್ಲಿಯಾದರೂ ತುಂಡಾದರೆ ಬೇರೆ ದಾರಿಯಿಂದ ಹೇಗೆ ತಿರುಗಿಸಬೇಕು ಎಂಬುದು ಚಹಾ ಕುಡಿದು ಮುಗಿಸುವುದರೊಳಗೆ ನನ್ನ ತಲೆಯಲ್ಲಿ ತಯಾರಾಗಿರುತ್ತದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಈ ಕೆಲಸದಲ್ಲಿ ನನ್ನನ್ನು ಸೋಲಿಸುವವರು ನಮ್ಮ ಸೀಮೆಯಲ್ಲಿ ಕಡಿಮೆ. ಆದರೆ ಇದರಲ್ಲಿ ನಾನಾಗಿಯೇ ಕಂಡುಕೊಂಡದ್ದು ಬಹಳ ಇಲ್ಲ. ಕಲಿಸಿದವರು ಅಕ್ಕೋರು.

ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅವರು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು. ಕಂಪ್ಯೂಟರ್ ಬಂದ ಮೇಲೆ ಟೈಪಿಂಗ್ ಕಲಿಯುವವರು ಒಬ್ಬೊಬ್ಬರಾಗಿ ಕರಗಿದರು. ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ನಮ್ಮ ಸಾಹುಕಾರರು ಕೇಬಲ್ ಟಿ.ವಿ. ಆಫೀಸು ಇಟ್ಟಿದ್ದರು. ಇಂಟರ್ನೆಟ್ ಕೊಡಲು ಶುರು ಮಾಡಿದಾಗ ರೂಟರುಗಳಿಗೆ ಆಜ್ಞೆಗಳನ್ನು ಒಂದಕ್ಷರ ತಪ್ಪದಂತೆ ಬರೆಯುವವರು ಬೇಕಾಯಿತು. ಕೆಳಗಿನಿಂದ ಅಕ್ಕೋರನ್ನು ಕರೆದರು. ಅವರು ಬರುವಾಗ ಒಂದು ಕನ್ನಡ ಟೈಪ್‌ರೈಟರು, ಕೊರಳಿಗೆ ತೂಗುಬಿಟ್ಟ ಸ್ಟಾಪ್‌ವಾಚು, ಒಂದು ಕೆಂಪು ಪೆನ್ಸಿಲ್ಲು ತಂದರು. ರೂಟರುಗಳ ಜೊತೆ ಬಂದ ದಪ್ಪ ಪುಸ್ತಕಗಳನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿ ಮುಗಿಸಿದರು. ಇದರಲ್ಲಿ ಅವರಿಗೆ ಪದವಿ ಅಂತ ಏನೂ ಇರಲಿಲ್ಲ, ಬೇಕೆಂದೂ ಯಾರೂ ಕೇಳಲಿಲ್ಲ... ಅಂದರೆ, ಬಹಳ ವರ್ಷ ಕೇಳಲಿಲ್ಲ.

ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿದಾಗ ಬಾಯಿತುಂಬ ಟೊಪಾಲಜಿ ಎನ್ನುತ್ತಿದ್ದೆ. ಅಕ್ಕೋರು ಅದನ್ನು ನಕ್ಷೆ ಎನ್ನುತ್ತಿದ್ದರು. ಯಾವ ಊರು ಯಾವ ಊರಿಗೆ ಕೂಡಿದೆ, ನೆಟ್ಟು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ, ಅಷ್ಟೇ ಅದರ ಅರ್ಥ. ರಸ್ತೆ ಅಗಲ ಮಾಡುತ್ತಾರೆ, ಕಂಬ ಕೀಳುತ್ತಾರೆ, ಯಾರೋ ನಮ್ಮ ಡಿಶ್ಶಿಗೆ ಅಡ್ಡವಾಗಿ ಮೂರಂತಸ್ತಿನ ಲಾಡ್ಜು ಕಟ್ಟುತ್ತಾರೆ, ಹಂಪಿಯ ಹತ್ತಿರ ಮಂಗಗಳು ಕೇಬಲ್ ಜಗ್ಗಿ ಜೋಕಾಲಿ ಆಡುತ್ತವೆ. ನಕ್ಷೆ ಬದಲಾಗದೆ ಉಳಿದ ತಿಂಗಳೇ ಇರಲಿಲ್ಲ. ಬದಲಾದಾಗಲೆಲ್ಲ ಪ್ರತಿ ಊರಿನ ರೂಟರಿಗೂ ಹೊಸ ದಾರಿ ತಿಳಿಸಿ ಹೇಳಬೇಕು. ತಾನಾಗಿಯೇ ದಾರಿ ಹುಡುಕಿಕೊಳ್ಳುವ ದುಬಾರಿ ಯಂತ್ರಗಳು ಆಗ ನಮ್ಮಲ್ಲಿರಲಿಲ್ಲ.

ಇಲ್ಲೇ ಒಂದು ಇಕ್ಕಟ್ಟಿದೆ. ಹೊಸಪೇಟೆಯಲ್ಲಿ ಕುಳಿತು ಸಂಡೂರಿನ ರೂಟರಿಗೆ ಆಜ್ಞೆ ಕೊಡುವಾಗ ಆ ಆಜ್ಞೆ ಹೋಗುವುದೂ ಅದೇ ಕೇಬಲ್ಲಿನ ಮೇಲೆ. ಒಂದು ಅಂಕಿ ತಪ್ಪಿದರೆ ಆ ದಾರಿಯೇ ಮುಚ್ಚುತ್ತದೆ. ತಪ್ಪನ್ನು ತಿದ್ದಲು ಹೋಗಬೇಕಾದ ದಾರಿಯೂ ಅದೇ. ಆಮೇಲೆ ಗಾಡಿ ಹತ್ತಿ ಅದಿರಿನ ಲಾರಿಗಳ ಹಿಂದೆ ಕೆಂಪು ದೂಳು ಕುಡಿಯುತ್ತ ಸಂಡೂರಿಗೇ ಹೋಗಬೇಕು. ಅದಕ್ಕೆ ಅಕ್ಕೋರು ಎರಡು ನಿಯಮ ಮಾಡಿಕೊಂಡಿದ್ದರು. ದೂರದ ರೂಟರನ್ನು ಮೊದಲು ಬದಲಿಸುವುದು, ಹತ್ತಿರದ್ದನ್ನು ಕೊನೆಗೆ. ಮತ್ತೆ, ಏನೇ ಬದಲಿಸುವ ಮೊದಲು ಹತ್ತು ನಿಮಿಷದ ವಾಯಿದೆ ಕಟ್ಟುವುದು. ಹೊಸ ಆಜ್ಞೆ ಕೊಡುವಾಗಲೇ ರೂಟರಿಗೆ ಹೀಗೆ ಹೇಳಿಡಬಹುದು: ಹತ್ತು ನಿಮಿಷದೊಳಗೆ ನಾನು ಮತ್ತೆ ಬಂದು 'ಸರಿ ಇದೆ' ಎನ್ನದಿದ್ದರೆ ನೀನಾಗಿಯೇ ಹಳೆಯ ರೀತಿಗೆ ಮರಳು. ನಾವು ದಾರಿ ಮುಚ್ಚಿಕೊಂಡು ಒದ್ದಾಡುತ್ತಿದ್ದರೆ ಅದು ಹತ್ತು ನಿಮಿಷ ಕಾದು ನೋಡಿ ಹಳೆಯ ದಾರಿಯನ್ನು ತೆರೆದುಕೊಳ್ಳುತ್ತದೆ.

ಸೇರಿದ ವಾರದಲ್ಲೇ ನಾನು ಸಂಡೂರನ್ನು ಕಳೆದುಕೊಂಡೆ. ಪರದೆ ನಿಂತಲ್ಲೇ ನಿಂತಿತು. ನಾನು ಕೀಲಿಮಣೆಯನ್ನು ಟಪಟಪ ಕುಟ್ಟಲು ಶುರು ಮಾಡಿದೆ. ಅಕ್ಕೋರು ಸ್ಟಾಪ್‌ವಾಚಿನಿಂದ ಕಣ್ಣು ತೆಗೆಯದೆ, "ಕೈ ಎತ್ತು ತಂಗಿ" ಎಂದರು. ನನಗೆ ಅರ್ಥವಾಗಲಿಲ್ಲ. "ಎರಡೂ ಕೈ. ಮ್ಯಾಲ." ಟೈಪಿಂಗ್ ಪರೀಕ್ಷೆಯಲ್ಲಿ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಕೈ ಎತ್ತಬೇಕಂತೆ. ಆಮೇಲೆ ಹೊಡೆದ ಅಕ್ಷರಗಳನ್ನು ಅವರು ಕೆಂಪು ಪೆನ್ಸಿಲ್ಲಿನಿಂದ ಹೊಡೆದುಹಾಕಿ, ಇದು ಲೆಕ್ಕಕ್ಕಿಲ್ಲ ಎನ್ನುತ್ತಿದ್ದರಂತೆ. ನಾನು ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕೈ ಎತ್ತಿಕೊಂಡು ಕುಳಿತೆ. ಹತ್ತು ನಿಮಿಷ ತುಂಬುತ್ತಲೇ ಸಂಡೂರು ತಾನಾಗಿಯೇ ಮರಳಿ ಬಂತು. ನಾನು ಜೋರಾಗಿ ನಕ್ಕುಬಿಟ್ಟೆ. ಅಕ್ಕೋರೂ ನಕ್ಕರು. ಅವರು ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು, ಮುಂದಿನ ಹಲ್ಲೊಂದು ಸ್ವಲ್ಪ ಓರೆ ಇತ್ತು.

ಅವರ ಕೆಲಸದ ರೀತಿಯೇ ಹಾಗಿತ್ತು. ಪ್ರತಿ ಕೇಬಲ್ಲಿಗೂ ಚೀಟಿ: "ಗಾದಿಗನೂರಿನಿಂದ ಬಂದದ್ದು", "ಕಂಪ್ಲಿಗೆ ಹೋಗುವುದು". ಪ್ರತಿ ಬದಲಾವಣೆಗೂ ರಿಜಿಸ್ಟರಿನಲ್ಲಿ ಟೈಪ್ ಮಾಡಿ ಅಂಟಿಸಿದ ನಾಲ್ಕು ಸಾಲು. ನಾನು ಚೀಟಿಗಳನ್ನು ನೋಡಿ ಚೇಷ್ಟೆ ಮಾಡುತ್ತಿದ್ದೆ, ಇಂಗ್ಲಿಷಿನಲ್ಲಿ ಬರೆದರೆ ಚಿಕ್ಕದಾಗುತ್ತದೆ ಎಂದು. "ಪೆಟ್ಟಿಗಿ ತೆಗಿಯೋರು ಯಾರಂತ ನಿನಗೇನ ಗೊತ್ತು? ಇಂಗ್ಲಿಷ್ ಬಂದೋರs ಬರ್ತಾರಂತ ಬರಕೊಟ್ಟಾರೇನು?" ಎಂದಿದ್ದರು. ಆ ಮಾತಿಗೆ ನಾನು ಆಗ ಕಿವಿಗೊಡಲಿಲ್ಲ.

ಆ ವರ್ಷ ಕಮಲಾಪುರದ ಕಡೆಯ ರಸ್ತೆ ಅಗಲ ಮಾಡಲು ಹೊರಟರು. ಹಂಪಿಯ ಸುತ್ತ ಕಂಬ ನೆಡಲು ಬಿಡುವುದಿಲ್ಲವಾದ್ದರಿಂದ ನಮ್ಮ ಕೇಬಲ್ ಅದನ್ನು ಬಳಸಿಕೊಂಡು ಆ ರಸ್ತೆಯ ಬದಿಯಲ್ಲೇ ಕಂಪ್ಲಿಗೆ ಹೋಗುತ್ತಿತ್ತು. ಕಂಪ್ಲಿಯಿಂದ ಮುಂದೆ ಎಮ್ಮಿಗನೂರು, ಅಲ್ಲಿಗೆ ಮುಗಿಯಿತು. ಎಮ್ಮಿಗನೂರು ನನ್ನ ಊರು. ಕಾಲುವೆಯ ನೀರಿನಲ್ಲೂ ನಮ್ಮದು ಕೊನೆಯ ಪಾಳಿ, ನೆಟ್ಟಿನಲ್ಲೂ ಕೊನೆಯದೇ ಎಂದು ಅಪ್ಪ ಗೊಣಗುತ್ತಿದ್ದ. ಕಮಲಾಪುರದ ಕಂಬಗಳನ್ನು ಕೀಳುವುದು ನಿಶ್ಚಯವಾದ ಮೇಲೆ ಸಾಹುಕಾರರು ಗಾದಿಗನೂರಿನಿಂದ ಎಮ್ಮಿಗನೂರಿಗೆ ಹೊಸ ಕೇಬಲ್ ಎಳೆಸಿದರು. ಇನ್ನು ಮೇಲೆ ನೆಟ್ಟು ಗಾದಿಗನೂರಿನ ಕಡೆಯಿಂದ ಮೊದಲು ಎಮ್ಮಿಗನೂರಿಗೆ ಬಂದು, ಅಲ್ಲಿಂದ ಕಂಪ್ಲಿಗೆ ಹೋಗಬೇಕು. ಇಷ್ಟು ದಿನ ಕೊನೆಯಾಗಿದ್ದ ನಮ್ಮೂರು ಈಗ ಕಂಪ್ಲಿಗೆ ಮೇಲಿನ ಊರಾಗುವುದಿತ್ತು. ಅಪ್ಪನಿಗೆ ಇದನ್ನು ಹೇಳಿದಾಗ ಮೀಸೆ ಮೇಲೆ ಕೈ ಹಾಕಿಕೊಂಡ.

ತಿರುಗಿಸುವ ದಿನ ನಮ್ಮ ಕೈಯಲ್ಲಿರಲಿಲ್ಲ, ರಸ್ತೆಯವರ ಕೈಯಲ್ಲಿತ್ತು. ಅವರು ಹೇಳಿದ ದಿನವೇ ಕಂಪ್ಲಿಯ ಕಾಲೇಜೊಂದರಲ್ಲಿ ಹತ್ತು ಗಂಟೆಗೆ ಆನ್‌ಲೈನ್ ಪರೀಕ್ಷೆ ಬಿದ್ದಿತ್ತು, ಎಂಬತ್ತು ಮಂದಿ ಕೂಡುವ ನೌಕರಿಯ ಪರೀಕ್ಷೆ. ಒಂದು ದಿನ ತಡೆಯಿರಿ ಎಂದು ಅಕ್ಕೋರು ರಸ್ತೆಯವರನ್ನು ಕೇಳಿಕೊಂಡರು, ಆಗುವುದಿಲ್ಲ ಎಂದರು. ಹಾಗಾದರೆ ಒಂಬತ್ತೂವರೆಗೆ ಎಲ್ಲ ಮುಗಿಸೋಣ ಎಂದು ಅಕ್ಕೋರು ಹಾಳೆಯ ಮೇಲೆ ನಿಮಿಷ ನಿಮಿಷದ ಪಟ್ಟಿ ಹಾಕಿದರು. ನಾನು ಬೆಳಿಗ್ಗೆ ಮೊದಲು ಕಂಪ್ಲಿಗೆ, ಅದು ಈಗ ಎಲ್ಲಕ್ಕಿಂತ ದೂರದ್ದು. ಆಮೇಲೆ ಎಮ್ಮಿಗನೂರಿಗೆ. ಗಾದಿಗನೂರು, ಹೊಸಪೇಟೆಗಳನ್ನು ಅವರು ಆಫೀಸಿನಿಂದಲೇ ನೋಡಿಕೊಳ್ಳುತ್ತಾರೆ. ಸ್ಟಾಪ್‌ವಾಚು ಅವರ ಕೊರಳಲ್ಲಿ.

ಕಂಪ್ಲಿಯದು ಸಲೀಸಾಗಿ ಮುಗಿಯಿತು. ಎಮ್ಮಿಗನೂರಿನ ಗಿರಣಿಯ ಮಾಳಿಗೆ ಹತ್ತುವಷ್ಟರಲ್ಲಿ ರಸ್ತೆಯವರು ಹೇಳಿದ ಹೊತ್ತಿಗಿಂತ ಮುಂಚೆಯೇ ಕಂಬ ಕಿತ್ತರು. ಒಂದಕ್ಷರ ತಪ್ಪದೆ ಕೆಲಸ ಮಾಡಿದೆ, ಇದನ್ನು ಇಂದಿಗೂ ಅಭಿಮಾನದಿಂದಲೇ ಹೇಳುತ್ತೇನೆ. ಪಟ್ಟಿಗಿಂತ ಇಪ್ಪತ್ತು ನಿಮಿಷ ತಡವಾಗಿ, ಹತ್ತಕ್ಕೆ ಹತ್ತು ನಿಮಿಷ ಇರುವಾಗ ವಾಯಿದೆ ಕಟ್ಟಿ ಹೊಸ ಆಜ್ಞೆ ಒತ್ತಿದೆ. ಒಂದು ಕ್ಷಣ ಎಲ್ಲ ದೀಪಗಳೂ ಆರಿ, ಒಂದೊಂದಾಗಿ ಹಸಿರು ಹೊತ್ತಿಕೊಂಡವು. ಕಂಪ್ಲಿ ಹೊಸ ದಾರಿಯಿಂದ ಬಂತು! ಕೆಳಗೆ ಕಣದಲ್ಲಿ ಅವ್ವ ಬುತ್ತಿ ಹಿಡಿದು ನಿಂತಿದ್ದಳು. ಗಿರಣಿಯ ಆಳುಗಳು, ಗುಮಾಸ್ತರು, ಓಣಿಯ ಮಂದಿ, ಎಲ್ಲರೂ ಮೇಲೆ ನೋಡುತ್ತಿದ್ದರು. ತಮ್ಮೂರಿನ ಹುಡುಗಿ ಕಂಪ್ಲಿಗೆ ನೆಟ್ಟು ಕೊಡುತ್ತಿದ್ದಾಳೆ ಎಂದು ಅವ್ವ ಅವರಿಗೆಲ್ಲ ಆಗಲೇ ಸಾರಿಬಿಟ್ಟಿದ್ದಳು.

"ಇಳಿಯವ್ವಾ ಜಲ್ದಿ, ರೊಟ್ಟಿ ಆರಿ ಹೋಗ್ತಾವ."

ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿ ಕಬ್ಬಿಣದ ಏಣಿಯ ಮೇಲೆ ಕಾಲಿಟ್ಟೆ. ಆಗ ಫೋನು. ಅಕ್ಕೋರು.

"ಎಲ್ಲಾ ಬಂತೇನು?"

"ಬಂತ್ರಿ ಅಕ್ಕೋರ. ಮಸ್ತ್ ಓಡಾಕತ್ತೈತಿ."

"ಸರಿ ಐತಿ ಅಂತ ರೂಟರಿಗೆ ಹೇಳಿದೇನು?"

"ಹೂನ್ರಿ."

ಹೇಳಿದ್ದೆನೇ? ಏಣಿಯ ಮೂರನೆಯ ಮೆಟ್ಟಿಲಲ್ಲಿ ಆ ಅನುಮಾನ ಬಂತು. ಹೇಳಿದ ಹಾಗೂ ಅನಿಸಿತು, ಹೇಳದ ಹಾಗೂ ಅನಿಸಿತು. ಮತ್ತೆ ಮೇಲೆ ಹತ್ತಿ, ಲ್ಯಾಪ್‌ಟಾಪ್ ತೆಗೆದು ನೋಡಿದ್ದರೆ ಎರಡು ನಿಮಿಷದ ಕೆಲಸ. ಅಷ್ಟು ಮಂದಿ ನೋಡುತ್ತಿರುವಾಗ ಇಳಿದವಳು ಮತ್ತೆ ಹತ್ತುವುದೇ ಎನಿಸಿತು... ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಬುತ್ತಿ ಇಸಿದುಕೊಂಡು ಗಾಡಿ ಹತ್ತಿದೆ.

ಕಂಪ್ಲಿಯ ಅರ್ಧ ದಾರಿಯಲ್ಲಿ ಮತ್ತೆ ಫೋನು ಬಂತು. "ತಂಗಿ, ಗಾಡಿ ಪಕ್ಕಕ್ಕ ಹಚ್ಚು. ಕುಂದ್ರು." ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತೆ. "ಎಮ್ಮಿಗನೂರು ಹಳೇ ರೀತಿಗೆ ಹೋಗೈತಿ." ಸರಿಯಾಗಿ ಹತ್ತು ಗಂಟೆಗೆ, ವಾಯಿದೆ ಮುಗಿದ ಕೂಡಲೇ, ರೂಟರ್ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ನೆಟ್ಟು ಕಂಪ್ಲಿಯ ಕಡೆಯಿಂದಲೇ ಬರುತ್ತದೆ ಎಂದು ಆ ಕಡೆಗೆ ಬಾಯಿ ತೆರೆದು ಕಾಯುತ್ತಿತ್ತು. ಕಂಪ್ಲಿಗೆ ನೆಟ್ಟು ತರುತ್ತಿದ್ದ ಕಮಲಾಪುರದ ಕಂಬಗಳು ಆಗಲೇ ನೆಲಕ್ಕೊರಗಿದ್ದವು. ಹೊಸಪೇಟೆಯಿಂದ ಅದನ್ನು ಮುಟ್ಟಲು ಈಗ ದಾರಿಯೇ ಇರಲಿಲ್ಲ. ಕಂಪ್ಲಿಯಲ್ಲಿ ಎಂಬತ್ತು ಮಂದಿ ಆಗಷ್ಟೇ ತಮ್ಮ ನಂಬರು ಹೊಡೆದು ಮೊದಲ ಪ್ರಶ್ನೆ ನೋಡಿದ್ದರು.

ಹೇಳಿರಲಿಲ್ಲವೇ ಎಂದು ಅಕ್ಕೋರು ಕೇಳಲಿಲ್ಲ. "ನೀ ತಿರುಗಿ ಹೋಗೋದ್ರಾಗ ಭಾಳ ಹೊತ್ತಾಗ್ತೈತಿ. ನಾ ಗುಮಾಸ್ತರನ್ನ ಮ್ಯಾಲ ಹತ್ತಿಸ್ತೀನಿ. ನೀ ಕಂಪ್ಲಿಗೇ ಹೋಗಿ ಆ ಮಂದಿಗೆ ಧೈರ್ಯ ಹೇಳು" ಎಂದು ಫೋನಿಟ್ಟರು.

ಗಿರಣಿಯ ಗುಮಾಸ್ತರು ಅರವತ್ತರ ಹತ್ತಿರದವರು. ಅಕ್ಕಿ ಮೂಟೆಯ ತಕ್ಕಡಿ ಬಿಟ್ಟರೆ ಬೇರೆ ಯಾವ ಯಂತ್ರದ ಗೊಡವೆಗೂ ಹೋದವರಲ್ಲ. ಧೋತರ ಎತ್ತಿ ಕಟ್ಟಿ, ಕಿವಿಗೆ ಫೋನು ಸಿಕ್ಕಿಸಿಕೊಂಡು ಏಣಿ ಹತ್ತಿದ್ದನ್ನು ಅವರು ಆಮೇಲೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಪೆಟ್ಟಿಗೆ ತೆರೆದರೆ ಮೊದಲು ಕಂಡದ್ದು ಆ ಚೀಟಿ. ಓದಿದವರೇ ನಿಜವಾಗಿಯೂ ಕುಳಿತುಬಿಟ್ಟರು.

"ಕುಂತೀನ್ರಿ ಅಕ್ಕೋರ. ಈಗ ಏಳ್ಲೇನು?"

"ಬ್ಯಾಡ್ರಿ, ಕುಂತ ಮಾಡ್ರಿ. ಗಾದಿಗನೂರಿನಿಂದ ಬಂದದ್ದು ಅಂತ ಚೀಟಿ ಯಾವುದಕ್ಕೈತಿ ನೋಡ್ರಿ."

ರೂಟರ್ ಹಟ ಹಿಡಿದಿದೆ, ಕಂಪ್ಲಿಯ ಕೇಬಲ್ ಸಿಕ್ಕಿಸಿದ ಒಂದನೆಯ ತೂತಿನಲ್ಲಿ, ಅಂದರೆ ಪೋರ್ಟಿನಲ್ಲಿ, ಬಂದರೆ ಮಾತ್ರ ನೆಟ್ಟು ಎಂದು. ಹಾಗಾದರೆ ಅದರ ಮನಸ್ಸು ತಿದ್ದುವ ಗೋಜು ಬೇಡ, ಐದನೆಯದರಲ್ಲಿದ್ದ ಗಾದಿಗನೂರಿನ ಹೊಸ ಕೇಬಲ್ಲನ್ನೇ ತಂದು ಒಂದನೆಯದಕ್ಕೆ ಹಾಕಿ, ಕಂಪ್ಲಿಯದನ್ನು ಐದನೆಯದಕ್ಕೆ ಹಾಕಿದರಾಯಿತು. ಅಕ್ಕೋರು ಯೋಚಿಸಿದ್ದು ಅಷ್ಟೇ. ನನಗೆ ಆ ರಸ್ತೆಯ ಕಲ್ಲಿನ ಮೇಲೆ ಕುಳಿತು ಇದು ಹೊಳೆದಿರಲಿಲ್ಲ. ಗುಮಾಸ್ತರು ಒಂದು ಕಿತ್ತರು, ಇನ್ನೊಂದು ಕಿತ್ತರು, ಅದಲುಬದಲು ಹಾಕಿದರು. ಚೀಟಿಗಳು ಕನ್ನಡದಲ್ಲಿರದಿದ್ದರೆ ಯಾವುದನ್ನು ಕೀಳಬೇಕೆಂದು ಅವರಿಗೆ ತಿಳಿಯುತ್ತಲೇ ಇರಲಿಲ್ಲ.

ನಾನು ಕಂಪ್ಲಿ ಮುಟ್ಟಿದಾಗ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಎಂಬತ್ತು ಮಂದಿ ಕೈ ಕಟ್ಟಿ ಕುಳಿತಿದ್ದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದ ಹೆಂಗಸೊಬ್ಬಳು ನನ್ನ ಕೊರಳಿನ ಕಾರ್ಡು ನೋಡಿ, "ನೆಟ್ಟಿನೋರೇನ್ರಿ? ನನಗ ವಯಸ್ಸಿನ ಲೆಕ್ಕದಾಗ ಇದs ಕಡೇ ಪರೀಕ್ಷೆ. ಬರ್ತೈತೇನ್ರಿ?" ಎಂದು ಕೇಳಿದಳು. ಹೊರಗೆ ಅವಳ ಕೂಸನ್ನು ಯಾರೋ ಅಜ್ಜಿ ಎತ್ತಿಕೊಂಡು ತಿರುಗಾಡಿಸುತ್ತಿದ್ದಳು. "ಬರ್ತೈತ್ರಿ" ಎಂದೆ. ಅವಳ ಕಡೆ ನೋಡಲು ಆಗಲಿಲ್ಲ. ಕೆಲವು ನಿಮಿಷದಲ್ಲಿ ಬಂತು. ಕಳೆದ ಹೊತ್ತನ್ನು ಎಲ್ಲರಿಗೂ ಕೂಡಿಸಿ ಕೊಟ್ಟರು, ಪರೀಕ್ಷೆ ಮುಗಿಯಿತು. ಆದರೆ ಕಾಲೇಜಿನವರು ಸಾಹುಕಾರರ ಹೆಸರಿಗೆ ಖಾರವಾದ ಪತ್ರವೊಂದನ್ನು ಬರೆದು ಕಳಿಸಿದರು.

ಸಂಜೆ ಆಫೀಸಿಗೆ ಬಂದಾಗ ಅಕ್ಕೋರು ಟೈಪ್‌ರೈಟರಿನ ಮುಂದೆ ಕುಳಿತಿದ್ದರು. ರೂಟರ್ ತನ್ನೊಳಗೆ ನಡೆದುದನ್ನೆಲ್ಲ ತಾನೇ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಅವರು ಆಗಲೇ ತೆಗೆದು ನೋಡಿದ್ದರು. 'ಸರಿ ಇದೆ' ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅದು ಮೇಜಿನ ಮೇಲೆ ನನಗೆ ಕಾಣುವಂತೆಯೇ ಬಿದ್ದಿತ್ತು. ಅವರು ಟೈಪ್ ಮಾಡಿದ್ದನ್ನು ಹೊರಗೆಳೆದು ಓದಿದರು: "ಎಮ್ಮಿಗನೂರು. ವಾಯಿದೆ ಮುಗಿದು ಹಳೆಯ ರೀತಿಗೆ ಮರಳಿತು. ಸರಿ ಎಂದು ಹೇಳಿದ್ದಾಯಿತೇ ಎಂದು ಕೇಳಿದೆ. ನಾನೇ ನೋಡಲಿಲ್ಲ. ಗಡಿಯಾರ ನನ್ನ ಕೈಯಲ್ಲಿತ್ತು. ತಪ್ಪು ನನ್ನದು."

ಕೇಳಿದೆ ಎಂದು ಬರೆದಿದ್ದರು. ನಾನು ಕೊಟ್ಟ ಉತ್ತರವನ್ನು ಬರೆದಿರಲಿಲ್ಲ.

ಹಾಳೆಯನ್ನು ಅಂಟಿಸದೆ ಮೇಜಿನ ಮೇಲಿಟ್ಟರು. ಸ್ಟಾಪ್‌ವಾಚನ್ನು ಕೊರಳಿನಿಂದ ತೆಗೆದು ಅದರ ಮೇಲಿಟ್ಟರು. ಚಹಾ ತರಿಸಿದರು. "ಏನರೆ ಹೇಳೋದೈತೇನು ತಂಗಿ?" ಎಂದರು. ಸಿಟ್ಟಿನ ದನಿಯಲ್ಲ, ಪರದೆ ಮರಳಿ ಬರುವುದನ್ನು ಕಾಯುವಾಗಿನ ದನಿ.

"ಏನಿಲ್ರಿ" ಎಂದೆ.

ಅವರು ಚಹಾ ಮುಗಿಸುವ ತನಕ ಕಾದರು. ಆಮೇಲೆ ಹಾಳೆಗೆ ಗೋಂದು ಹಚ್ಚಿ ರಿಜಿಸ್ಟರಿಗೆ ಅಂಟಿಸಿದರು.

ಆ ದಿನಗಳಲ್ಲೇ ದೊಡ್ಡ ಕಂಪನಿಯೊಂದು ನಮ್ಮ ಆಫೀಸನ್ನು ಕೊಳ್ಳುವ ಮಾತು ನಡೆದಿತ್ತು. ಅವರ ಇಬ್ಬರು ಸಾಹೇಬರು ಬಂದು ಕಾಲೇಜಿನ ಪತ್ರ ನೋಡಿದರು, ರಿಜಿಸ್ಟರ್ ನೋಡಿದರು. ಅಕ್ಕೋರನ್ನು ಒಳಗೆ ಕರೆದರು. ನಡುವಿನದು ಹಲಗೆಯ ಗೋಡೆ, ಎಲ್ಲ ಕೇಳಿಸುತ್ತಿತ್ತು. ಎಲ್ಲಿ ಕಲಿತಿರಿ ಎಂದು ಒಬ್ಬರು ಕೇಳಿದರು. ಇಲ್ಲೇ ಎಂದರು ಅಕ್ಕೋರು. ಇದರಲ್ಲಿ ಬರೆದ ತಪ್ಪು ನಿಮ್ಮದೇ ಏನು ಎಂದರು. "ಬರದೀನಲ್ರಿ" ಎಂದರು ಅಕ್ಕೋರು. ನಾನು ಹಲಗೆಯ ಈ ಕಡೆ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಬಾಗಿಲು. ಏಳಲಿಲ್ಲ. ಅವರನ್ನು ಕೆಲಸದಿಂದ ಬಿಡಿಸಿ ಎಂದು ಸಾಹೇಬರು ಸಾಹುಕಾರರಿಗೆ ಹೇಳಿಹೋದರು. ವಾರದೊಳಗೆ ಅಕ್ಕೋರು ಬೀಗದ ಕೈಗಳನ್ನೂ ನಕ್ಷೆಯ ಹಾಳೆಗಳನ್ನೂ ನನಗೆ ಒಂದೊಂದಾಗಿ ಒಪ್ಪಿಸಿ, ಸ್ಟಾಪ್‌ವಾಚನ್ನು ಮಾತ್ರ ಕೊರಳಲ್ಲಿ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.

ಆ ದೊಡ್ಡ ಕಂಪನಿ ಕೊನೆಗೆ ನಮ್ಮನ್ನು ಕೊಳ್ಳಲೂ ಇಲ್ಲ. ಸಾಹುಕಾರರಿಗೆ ಮುಜುಗರವಾಯಿತು. ಒಂದು ದಿನ ನನ್ನನ್ನು ಕರೆದು, "ಅಕ್ಕೋರ್ನ ತಿರುಗಿ ಕರೀಲೇನು, ಇಲ್ಲಾ ನೀನs ನಡಸ್ತೀಯೇನವ್ವ?" ಎಂದು ಕೇಳಿದರು.

"ನಡಸ್ತೀನ್ರಿ" ಎಂದೆ.

ನಡೆಸಿದೆ ಕೂಡ. ಚೆನ್ನಾಗಿಯೇ ನಡೆಸಿದೆ. ಕಂಪ್ಲಿಗೆ ಎರಡನೆಯ ದಾರಿ ಮಾಡಿದೆ, ಒಂಟಿ ದಾರಿಯಾಗಿದ್ದ ಸಂಡೂರಿಗೂ ಇನ್ನೊಂದು ಕಡೆಯಿಂದ ಕೊಂಡಿ ಹಾಕಿದೆ. ಈಗ ಎಲ್ಲಿ ತುಂಡಾದರೂ ಮಂದಿಗೆ ಗೊತ್ತಾಗುವ ಮೊದಲೇ ತಿರುಗಿರುತ್ತದೆ. ನನ್ನ ಕೈಕೆಳಗಿನವರಿಗೆ ಹತ್ತು ನಿಮಿಷದ ವಾಯಿದೆ ಕಲಿಸಿದ್ದೇನೆ. 'ಸರಿ ಎಂದು ಹೇಳಿದಿರಾ' ಎಂದು ಕೇಳುವುದಿಲ್ಲ, ನಾನೇ ನೋಡುತ್ತೇನೆ. ಎಲ್ಲಿ ಕಲಿತಿರಿ ಎಂದು ಅವರು ಕೇಳಿದರೆ ಮಾತು ಬೇರೆ ಕಡೆಗೆ ತಿರುಗಿಸುತ್ತೇನೆ. ಎಮ್ಮಿಗನೂರಿನ ಗಿರಣಿಯ ಮೇಲೆ ಮಾತ್ರ ನಾನು ಆ ದಿನದ ನಂತರ ಹತ್ತಲಿಲ್ಲ, ಬೇರೆಯವರನ್ನು ಕಳಿಸುತ್ತಿದ್ದೆ. ಸ್ವಂತ ಊರಿಗೆ ಹೋದಾಗಲೂ ಆ ಏಣಿಯ ಹತ್ತಿರ ಸುಳಿಯುತ್ತಿರಲಿಲ್ಲ.

ಅಕ್ಕೋರು ಚಿತ್ತವಾಡ್ಗಿಯಲ್ಲೇ ಆನ್‌ಲೈನ್ ಅರ್ಜಿ ತುಂಬಿಕೊಡುವ ಪುಟ್ಟ ಅಂಗಡಿ ಇಟ್ಟುಕೊಂಡಿದ್ದರು. ಆಟೋದಲ್ಲಿ ಹೋಗುವಾಗ ಕಾಣುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಪೇಡೆ ತೆಗೆದುಕೊಂಡು ಹೋದೆ. ಸ್ಟೂಲು ಎಳೆದು, "ಬಾ ತಂಗಿ, ಕುಂದ್ರು" ಎಂದರು. ಕಂಪ್ಲಿಯ ಎರಡನೆಯ ದಾರಿಯ ಬಗ್ಗೆ ಅವರಿಗೆ ಆಗಲೇ ಗೊತ್ತಿತ್ತು. "ಛಲೋ ಮಾಡೀದಿ. ನಾ ಅದನ್ನ ಮಾಡ್ಬೇಕಂತ ಭಾಳ ದಿನ ಅನ್ಕೊಂಡಿದ್ದೆ" ಎಂದರು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ಬಂದರು, ಅವರ ಹಿಂದೆ ಇನ್ನಿಬ್ಬರು. ಮತ್ತೆ ಬರುತ್ತೇನೆ ಎಂದು ಎದ್ದೆ. ಆ ಮೂವರು ಹೋಗುವ ತನಕ ಕಾಯಬಹುದಿತ್ತು...

ಹೋದ ತಿಂಗಳು ಎಮ್ಮಿಗನೂರಿಗೆ ಕಳಿಸಲು ಯಾರೂ ಇರಲಿಲ್ಲ, ಹಾಗಾಗಿ ನಾನೇ ಹೋದೆ. ಚೀಟಿ ಓದಿ ಮಾಳಿಗೆಯ ಮೇಲೆ ಕುಳಿತವಳು ಕೆಳಗೆ ನೋಡಿದೆ. ಗುಮಾಸ್ತರು ಈಗ ಕೆಲಸ ಬಿಟ್ಟಿದ್ದಾರೆ, ಆದರೂ ದಿನಾ ಬಂದು ಕಣದ ಬೇವಿನ ಮರದ ಕೆಳಗೆ ಕೂಡುತ್ತಾರೆ. ಚೀಟಿಯಲ್ಲಿದ್ದ ನಂಬರು ನೆನಪಿದೆಯೇ ಎಂದು ಕೂಗಿ ಕೇಳಿದೆ. ಅವರು ಅಂಕಿಗಳನ್ನು ಹಾಡಿನ ಹಾಗೆ ಒಪ್ಪಿಸಿ, ಮೇಲೆ ನನ್ನ ಕಡೆ ನೋಡಿದರು.

"ಯಾಕ ಕೇಳ್ತೀಯವ್ವ? ಅಕ್ಕೋರು ತೀರಿಕೊಂಡು ಎರಡು ತಿಂಗಳಾತು. ನಿನಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಒಂದೇ ಊರಿನಲ್ಲಿ, ಒಂದೇ ರಸ್ತೆಯ ಎರಡು ತುದಿಯಲ್ಲಿದ್ದೆವು. ಆ ರಸ್ತೆಯನ್ನು ತಪ್ಪಿಸಿ ಆಟೋವನ್ನು ಬೇರೆ ಕಡೆಯಿಂದ ಹೊಡೆಸಲು ಶುರು ಮಾಡಿ ಎಷ್ಟೋ ದಿನವಾಗಿತ್ತು.

"ಹಬ್ಬಕ್ಕೊಮ್ಮಿ ಫೋನ್ ಮಾಡ್ತಿದ್ದೆ ನಾನು" ಎಂದರು ಗುಮಾಸ್ತರು. "ಪ್ರತಿಸಲ ಒಂದs ಮಾತು ಕೇಳ್ತಿದ್ರು, ತಂಗಿ ಮ್ಯಾಲ ಹತ್ತಿದಾಗ ಕುಂದರ್ತಾಳೇನ್ರಿ ಅಂತ. ಹೂನ್ರಿ ಅಂತಿದ್ದೆ. ಏನ್ ಮಾಡ್ಲಿ, ಸುಳ್ಳು ಹೇಳ್ತಿದ್ದೆ. ನೀ ಇಲ್ಲಿ ಹತ್ತಿದ್ದs ಇಲ್ಲ."

ಕೆಲಸ ಮಾಡಿದೆ. ಕುಳಿತೇ ಮಾಡಿದೆ. ಹಳೆಯ ರೂಟರ್ ತೆಗೆದು ಹೊಸದನ್ನಿಟ್ಟು, ವಾಯಿದೆ ಕಟ್ಟಿ, ಹೊಸ ದಾರಿ ಹೇಳಿದೆ. ಕಂಪ್ಲಿ ಬಂತು, ಗಾದಿಗನೂರು ಬಂತು. 'ಸರಿ ಇದೆ' ಎಂದು ಹೊಡೆದು, ಹೊಡೆದದ್ದನ್ನು ಎರಡು ಸಲ ನೋಡಿಕೊಂಡೆ. ಚೀಟಿಯನ್ನು ಬಿಚ್ಚಿ ಹೊಸ ಕೇಬಲ್ಲಿಗೆ ಕಟ್ಟಿ, ಮಾಸಿದ ನಂಬರಿನ ಜಾಗದಲ್ಲಿ ನನ್ನ ನಂಬರು ಬರೆದೆ.

ಆಫೀಸಿಗೆ ಬಂದು ಬೀರುವಿನ ಮೇಲಿದ್ದ ಹಳೆಯ ರಿಜಿಸ್ಟರನ್ನು ಇಳಿಸಿದೆ. ದೂಳು ಜಾಡಿಸಿ ಆ ಪುಟ ಹುಡುಕಿದೆ. ಗೋಂದು ಒಣಗಿ ಹಾಳೆಯ ಒಂದು ಮೂಲೆ ಎದ್ದಿತ್ತು. "ತಪ್ಪು ನನ್ನದು" ಎಂಬುದರ ಕೆಳಗೆ ಸ್ವಲ್ಪ ಖಾಲಿ ಜಾಗವಿತ್ತು. ಟೈಪ್‌ರೈಟರು ಈಗಿಲ್ಲ, ಪೆನ್ನಿನಿಂದ ಬರೆದೆ: "ಅವರು ಕೇಳಿದಾಗ ನಾನು ಹೂಂ ಎಂದಿದ್ದೆ. ಅದು ಸುಳ್ಳು. ತಪ್ಪು ನನ್ನದು." ಬರೆದು ಸಹಿ ಹಾಕಿ, ಎರಡೂ ಕೈಗಳನ್ನು ಮೇಜಿನಿಂದ ಮೇಲಕ್ಕೆ ಎತ್ತಿದೆ.

ಗಂಟೆ ಬಾರಿಸಿ ಎಷ್ಟೋ ವರ್ಷದ ಮೇಲೆ ಬರೆದ ಸಾಲು. ಅಕ್ಕೋರು ಇದ್ದಿದ್ದರೆ ಕೆಂಪು ಪೆನ್ಸಿಲ್ಲಿನಿಂದ ಅದರ ಮೇಲೆ ಒಂದು ಗೆರೆ ಎಳೆದು, "ಇದು ಲೆಕ್ಕಕ್ಕಿಲ್ಲ ತಂಗಿ" ಎನ್ನುತ್ತಿದ್ದರು.